ಇಲಾಖೆಯ ಕೊಡೆ

ವಿಮಾನ ಬಿದ್ದ ಕಡೆ ತನಿಖಾಧಿಕಾರಿ ರೋಹಿಣಿ ಮೊದಲು ಬಿಚ್ಚುವುದು ಕೊಡೆ. ಅಳತೆ ಟೇಪು, ಕ್ಯಾಮೆರಾ, ಕೈಗವಸು ಎಲ್ಲ ಆಮೇಲೆ. ಸತ್ತವರ ನೆರಳು ನೆಲದ ಮೇಲೆ ಉಳಿಯುವುದು ಬಿಸಿಲು ತಾಗುವವರೆಗೆ ಮಾತ್ರ.

ಈ ಸಲ ಅವಳ ವ್ಯಾನು ಬರುವುದು ತಡವಾಗಿತ್ತು. ಪೈಲಟ್‌ನ ಶವವನ್ನು ಆಗಲೇ ಒಯ್ದಿದ್ದರು. ಆದರೆ ಕಡಲೆ ಹೊಲದಲ್ಲಿ ಅವನ ನೆರಳು ಹಾಗೇ ಇತ್ತು. ಹೊಲದ ಒಡತಿ ಗಂಗವ್ವ ಸೂರ್ಯನಿಗೆ ಬೆನ್ನು ಕೊಟ್ಟು, ಸೆರಗು ಅಗಲಿಸಿ ಹಿಡಿದು, ಅದರ ಮೇಲೆ ತನ್ನ ನೆರಳು ಹಾಸಿ ನಿಂತಿದ್ದಳು.

ರೋಹಿಣಿ ಕೊಡೆ ಹಿಡಿದು ಫೋಟೊ ತೆಗೆದಳು. ನೆರಳಿನ ಎರಡೂ ಕೈಗಳು ಕಾಣದ ಹಿಡಿಕೆಯೊಂದನ್ನು ಎದೆಗೆ ಎಳೆದುಕೊಂಡಿದ್ದವು.

"ಹುಡುಗಂದು ತಪ್ಪೇನ್ರೀ?" ಗಂಗವ್ವ ಕೇಳಿದಳು.

"ಇಲ್ಲ ಯವ್ವಾ. ಕಡೀತನಕ ಹಿಡಿಕಿ ಎಳದು ವಿಮಾನ ಮ್ಯಾಲೆ ಏರಿಸಾಕ ನೋಡ್ಯಾನ."

ಕೆಲಸ ಮುಗಿಯಿತು. ಇಲಾಖೆಯ ಕೊಡೆಯನ್ನು ಸ್ಥಳದಲ್ಲಿ ಬಿಟ್ಟು ಬರುವಂತಿಲ್ಲ ಎಂಬುದು ನಿಯಮ. ರೋಹಿಣಿ ಅದನ್ನು ಮಡಚಲು ಹೋದಾಗ ಗಂಗವ್ವ ಮತ್ತೆ ಸೆರಗು ಹಿಡಿದು ಬಂದಳು.

"ಹುಡುಗನ ಅವ್ವ ಬಸ್ಸಿನ್ಯಾಗ ಬರಾಕತ್ತಾಳಂತ್ರಿ. ಒಮ್ಮೆ ನೋಡ್ಲಿ."

ಗಂಗವ್ವ ಆಗಲೇ ಬಹಳ ಹೊತ್ತು ನಿಂತಿದ್ದಳು.

"ನೀವು ಕುಂದರ್ರಿ ಯವ್ವಾ" ಎಂದು ರೋಹಿಣಿ ಅವಳ ಜಾಗದಲ್ಲಿ ತಾನು ನಿಂತಳು. ಆಮೇಲೆ ಕೊಡೆ ಮಡಚಿ ವ್ಯಾನಿನ ಚಾಲಕನ ಕೈಗೆ ಕೊಟ್ಟಳು. ಅಧಿಕಾರಿಯ ನೆರಳಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.