ಹಿಮದ ಗೆರೆಗೆ ಬಂದ ಬಿಕ್ಕಳಿಕೆ

ಒಂದೊಂದು ಬಿಕ್ಕಳಿಕೆಗೂ ನಕ್ಷೆಗಾರನ ಕೈ ಕುಪ್ಪಳಿಸಿ, ಪರದೆಯ ಮೇಲೆ ಹಿಮನದಿ ನೂರು ಮೀಟರ್ ಹಿಂದೆ ಸರಿಯುತ್ತಿತ್ತು. ಉಪಗ್ರಹ ತೆಗೆದ ಚಿತ್ರದಲ್ಲಿ ಹಿಮದ ಅಂಚಿಗೆ ಮೌಸ್‌ನಿಂದ ಗೆರೆ ಎಳೆಯುವುದು ಅವನ ಕೆಲಸ. ಬಿಕ್ಕಳಿಸದ ಕಡೆಯೆಲ್ಲ ಗೆರೆ ಹೋದ ವರ್ಷದ ಗೆರೆಯ ಮೇಲೆಯೇ ಕೂತಿತ್ತು. ಅದೇ ಖುಷಿಯಲ್ಲಿ ಅವನು, ಈ ಸಲ ಹಿಮ ಒಂದಿಷ್ಟೂ ಕರಗಿಲ್ಲ ಎಂದು ಸಾಹೇಬರಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಮಧ್ಯಾಹ್ನದೊಳಗೆ ನಕ್ಷೆ ಕಳಿಸುವುದೊಂದೇ ಬಾಕಿ.

ನೀರು ಕುಡಿದ, ಮೂಗು ಹಿಡಿದ, ಏನೂ ಆಗಲಿಲ್ಲ. "ಹೆದರಿಸಿದ್ರೆ ನಿಲ್ಲುತ್ತಂತೆ. ಏನಾದ್ರೂ ಹೇಳಿ ಹೆದರ್ಸಿ ಅಕ್ಕಾ," ಎಂದು ಪಕ್ಕದ ಮೇಜಿನ ಹಿರಿಯಳನ್ನು ಬೇಡಿಕೊಂಡ.

ಅವಳು ಕನ್ನಡಕ ಮೇಲೇರಿಸಿ, "ಅಯ್ಯೋ ತಮ್ಮಾ, ಇದು ಹೋದ ವರ್ಷದ ಚಿತ್ರ ಅಲ್ವೇನೋ!" ಎಂದಳು.

ಬಿಕ್ಕಳಿಕೆ ಟಪ್ಪನೆ ನಿಂತಿತು. "ಅಬ್ಬಾ, ಜೀವ ಬಾಯಿಗೆ ಬಂದಿತ್ತು!" ಎಂದು ಅವನು ನಕ್ಕ. ಅಕ್ಕನೂ ನಕ್ಕಳು. ನಗುತ್ತಲೇ ಚಿತ್ರದ ಮೂಲೆಯಲ್ಲಿದ್ದ ತಾರೀಖು ನೋಡಿದಳು. ಅದು ನಿಜವಾಗಿಯೂ ಹೋದ ವರ್ಷದ್ದೇ. ಮೆಲ್ಲಗೆ ಫೋನನ್ನು ಅವನ ಕಡೆ ತಳ್ಳಿದಳು.

"ತಗೋಪ್ಪ, ಸಾಹೇಬ್ರಿಗೆ ನೀನೇ ಹೇಳು. ಅವರಿಗೂ ಬಿಕ್ಕಳಿಕೆ ಇದ್ರೆ ನಿಂತುಹೋಗ್ಲಿ."