ಗಂಟು ಹಾಕಿದ ಟುವಾಲು

“ಲಗೂನ ನಿನ್ನ ಟುವಾಲ ತಗೋಳೊ ಸೈದಪ್ಪ, ಕರೆಂಟ್ ಬಿಡ್ತೇನಿ!” ಎಂದವನೇ ಮಧ್ಯಾಹ್ನದ ಪಾಳಿಯ ಆಪರೇಟರ್ ಬಂದೇನವಾಜ ಸ್ವಿಚ್ಚಿನ ಹಿಡಿಗೆ ಕೈ ಹಾಕಿಯೇ ಬಿಟ್ಟ. ಮಣ್ಣೂರ ಲೈನು ಮುಂಜಾನೆಯಿಂದ ಬಂದ್. ಲೈನ್‌ಮನ್ ಸೈದಪ್ಪ ಹರಿದ ತಂತಿ ಕಟ್ಟಿ, ಉರಿಬಿಸಿಲಲ್ಲಿ ಸೈಕಲ್ ತುಳಿದು ಈಗಷ್ಟೇ ಸಬ್‌ಸ್ಟೇಷನ್ನಿಗೆ ಮರಳಿದ್ದ. ಮೇಜಿನ ಮೇಲಿನ ಫೋನು ಬೇರೆ ಒಂದೇ ಸಮನೆ ಬಡಕೊಳ್ಳುತ್ತಿತ್ತು. ಹಿಟ್ಟಿನ ಗಿರಣಿಯ ಶಿವರಾಯ ಆಗಲೇ ಒಮ್ಮೆ ಆ ತುದಿಯಿಂದ ಬೊಬ್ಬೆ ಹೊಡೆದಿದ್ದ: “ಜ್ವಾಳದ ಬುಟ್ಟಿ ಬಾಗಲತನಕ ಹತ್ಯಾವ್ರಿ ಸಾಹೇಬ್ರ! ಹೆಣ್ಮಕ್ಕಳು ನನ್ನ ಜೀವಾ ತಿನ್ನಾಕತ್ತಾರ!”

ಬಂದೇನವಾಜನಿಗೆ ತಡೆದುಕೊಳ್ಳುವ ಸ್ವಭಾವವೇ ಇಲ್ಲ. ಅಂಥವನಿಗೆ ಈ ಟುವಾಲಿನ ಕಾನೂನೊಂದು ಗಂಟುಬಿದ್ದಿತ್ತು. ಕಾನೂನು ಸರಕಾರದ್ದಲ್ಲ, ಮುಂಜಾನೆಯ ಪಾಳಿಯ ಹಿರಿಯ ಆಪರೇಟರ್ ಬಸವಂತರಾಯರದ್ದು. ಕಂಬ ಹತ್ತುವವನು ಹೆಗಲ ಮೇಲಿನ ಟುವಾಲನ್ನು ಸ್ಟೇಷನ್ನಿನ ಗೋಡೆಯ ಮೊಳೆಗೆ ಹಾಕಿ ಹೋಗಬೇಕು. ಅವನು ಬಂದು ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡ ಮೇಲೆಯೇ ಕರೆಂಟ್. ಇದಿಷ್ಟಾದರೆ ಹೋಗಲಿ ಎನ್ನಬಹುದಿತ್ತು. ಒಂದೇ ತಂತಿಯ ಮೇಲೆ ಇಬ್ಬರು ಎರಡು ಕಡೆ ಕೆಲಸ ಮಾಡುತ್ತಿದ್ದರೆ ಬಸವಂತರಾಯರು ಇಬ್ಬರ ಟುವಾಲುಗಳ ತುದಿಗಳನ್ನು ಕೂಡಿಸಿ ಗಂಟು ಹಾಕಿ, ಆ ಗಂಟಿಗೆ ಎತ್ತಿನ ಕೊರಳ ಗಂಟೆಯೊಂದನ್ನು ಬೇರೆ ಕಟ್ಟುತ್ತಿದ್ದರು. “ಇದು ಕರೆಂಟ್ ಆಫೀಸೋ, ಎತ್ತಿನ ಕೊಟ್ಟಿಗಿನೋ?” ಎಂದು ಬಂದೇನವಾಜ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದುಂಟು.

ಸೈದಪ್ಪ ಬೆವರು ಒರೆಸಿಕೊಳ್ಳಲೆಂದು ತನ್ನ ಬಿಳಿ ಟುವಾಲನ್ನು ಸರಕ್ಕನೆ ಎಳೆದ. ಬೆಂಚಿನ ಹಿಂದೆಲ್ಲೋ ಮರೆಯಾಗಿದ್ದ ಗಂಟೆ ಠಣಠಣ ಬಾರಿಸಿತು. ಬಿಳಿ ಟುವಾಲಿನ ಬೆನ್ನಿಗೇ ಕೆಂಪು ಚೌಕಳಿಯ ಇನ್ನೊಂದು ಟುವಾಲು ಮೊಳೆ ಬಿಟ್ಟು ಜಾರಿ ಬಂತು.

“ಇದು ಗುಡುಸಾಬಂದಲ್ಲೇನೋ?” ಎಂದ ಸೈದಪ್ಪ.

“ಹೌದು. ಆದ್ರ ಅಂವ ನದಿ ದಂಡಿ ಪಂಪ್‌ಸೆಟ್ ಲೈನಿಗೆ ಹೋಗ್ಯಾನ. ಅದರ ಸ್ವಿಚ್ಚ ಬ್ಯಾರೆ. ನಾ ಅದನ್ನ ಮುಟ್ಟೂದೇ ಇಲ್ಲ,” ಎಂದ ಬಂದೇನವಾಜ. ಮಾತು ಗಟ್ಟಿಯಾಗಿಯೇ ಬಂತು. ಕೈ ಮಾತ್ರ ತಾನಾಗಿಯೇ ಹಿಡಿ ಬಿಟ್ಟಿತ್ತು.

ಅಷ್ಟರಲ್ಲಿ ಹಿಂದಿನ ಕ್ವಾರ್ಟರ್ಸಿನಿಂದ ಬಸವಂತರಾಯರು ಓಡಿ ಬಂದರು. ಊಟದ ಎಡೆಯಿಂದ ಎದ್ದ ಮನುಷ್ಯ, ಬಲಗೈ ತುಂಬ ಪುಂಡಿಪಲ್ಯ. “ಗಂಟಿ ಸಪ್ಪಳ ಕೇಳ್ತು! ಬಿಟ್ಟೀಯೇನೋ ಕರೆಂಟ್?”

“ಇಲ್ರಿ.”

ಬಸವಂತರಾಯರು ಎಡಗೈಯಿಂದ ಗೋಡೆ ಹಿಡಿದುಕೊಂಡರು. “ಪಂಪ್‌ಸೆಟ್ ಲೈನ್ ಇವತ್ತು ಮುಂಜಾನೆ ಮಣ್ಣೂರ ಲೈನಿಗೇ ಜೋಡಿಸೇವಿ. ಎರಡಕ್ಕೂ ಈಗ ಇದೊಂದೇ ಸ್ವಿಚ್ಚ. ಗುಡುಸಾಬ ಇನ್ನೂ ಕಂಬದ ಮ್ಯಾಲೇ ಅದಾನ. ಪಾಳಿ ಬಿಡುವಾಗ ನಿನಗ ಹೇಳಬೇಕಂದ್ಕೊಂಡಿದ್ದೆ, ಮರತ್ನೆಪಾ.”

ಬಂದೇನವಾಜ ಸ್ವಿಚ್ಚಿನಿಂದ ಹಿಂದೆ ಸರಿದು ಬೆಂಚಿನ ಮೇಲೆ ಕುಸಿದು ಕೂತ. ಹಿಡಿಯನ್ನೊಮ್ಮೆ ಒತ್ತಿದ್ದರೆ ಮುಗಿದಿತ್ತು. ನಿನ್ನೆ ಸಂಜೆ ತನ್ನ ಕೂಡ ಕೂತು ಚಹಾ ಕುಡಿದ ಗುಡುಸಾಬ, ಅರ್ಧ ಚಹಾ ಬಸಿಯಲ್ಲೇ ಬಿಟ್ಟು ಮನೆಗೆ ಓಡಿದ ಗುಡುಸಾಬ! ಫೋನು ಮತ್ತೆ ಬಡಕೊಂಡಿತು. ಯಾರೂ ಎತ್ತಲಿಲ್ಲ.

“ನೀವು ಮರತ್ರೂ ನಿಮ್ಮ ಗಂಟಿ ಮರೀಲಿಲ್ರಿ ರಾಯರ,” ಎಂದ ಬಂದೇನವಾಜ.

“ನಾ ಮರಿಯಾಂವ ಅಂತ ಗೊತ್ತಿದ್ದೇ ಗಂಟಿ ಕಟ್ಟೇನಿ. ನೆನಪಿರೂ ಮನಷ್ಯಾಗ ಗಂಟಿ ಯಾಕ ಬೇಕೋ?” ಎಂದು ಬಸವಂತರಾಯರು ಕೈ ತೊಳೆಯಲು ಹೊರಗೆ ನಡೆದರು.

ಬಂದೇನವಾಜ ಅವರು ಹೋದ ಬಾಗಿಲನ್ನೇ ನೋಡುತ್ತ ಕೂತ. ತಾನು ತಪ್ಪುವುದೇ ಇಲ್ಲ ಎಂದು ಮೀಸೆ ತಿರುವುವವರನ್ನು ಅವನು ಬೇಕಾದಷ್ಟು ಕಂಡಿದ್ದ, ಅವನೂ ಅವರಲ್ಲೊಬ್ಬನೇ. ತಾನು ತಪ್ಪಿಯೇ ತಪ್ಪುತ್ತೇನೆಂದು ತಿಳಿದು, ಆ ತಪ್ಪಿಗೆ ಮೊದಲೇ ಅಡ್ಡಗಾಲು ಹಾಕಿಟ್ಟವರನ್ನು ಕಂಡದ್ದು ಇವತ್ತೇ. ಎಂಥಾ ಮನುಷ್ಯ ಇವರು, ಎಂಥಾ ತಲೆ! ಎದ್ದು ಹೋಗಿ ಗುಡುಸಾಬನ ಟುವಾಲನ್ನು ಮತ್ತೆ ಮೊಳೆಗೆ ಹಾಕಿ, ಸೈದಪ್ಪ ಬಿಚ್ಚಿಟ್ಟ ಗಂಟೆಯನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ ಮೇಜಿನ ಮೇಲಿಟ್ಟ.

ಹೊತ್ತು ಇಳಿಯುವಾಗ ಹೊರಗೆ ಸೈಕಲ್ ನಿಂತ ಸದ್ದಾಯಿತು. ಮೈಯೆಲ್ಲ ಧೂಳು ಮಾಡಿಕೊಂಡ ಗುಡುಸಾಬ ಒಳಗೆ ಬಂದು, ತನ್ನ ಟುವಾಲು ತೆಗೆದುಕೊಂಡು ತಿರುವಿ ನೋಡಿದವನೇ ಸಿಡಿದುಬಿದ್ದ:

“ಅಲ್ಲೋ, ಎಮ್ಮಿ ಕಟ್ಟಿದಂಗ ಕಟ್ಟೀರಲ್ಲೋ! ನೋಡಿಲ್ಲೆ, ತುದಿ ಹರದೇ ಹೋಗೇದ. ಹೊಸಾದಿದು! ಮನಿಯಾಗ ಕರೀಮುನ್ನಿಸಾ ಬಾಯಿಗೆ ಬಂದಂಗ ನನ್ನ ಬೈತಾಳ.”

ಸೈದಪ್ಪ ಮುಖ ಆ ಕಡೆ ತಿರುಗಿಸಿದ. ಬಂದೇನವಾಜ ಗುಡುಸಾಬನ ಧೂಳು ಮೆತ್ತಿದ ಕೈ ಹಿಡಿದುಕೊಂಡ, ಬಿಡಲೇ ಇಲ್ಲ.

“ಬೈಲಿ ಬಿಡೋ ಮಾರಾಯಾ,” ಎಂದ, “ರಾತ್ರಿ ಪೂರ್ತಿ ಬೈಲಿ.”