ಕ್ಯಾಚರ್‌ನ ಬೆರಳು

ವಿನಿ ಆಂಟಿ ಬಾಗಿಲು ತೆರೆದದ್ದೇ ತಡ, ಎಲ್ವುಡ್ ಪ್ರೂಯಿಟ್ ನಮಸ್ಕಾರವಿಲ್ಲ ಚಮತ್ಕಾರವಿಲ್ಲ, ನೇರ ನಡುಮನೆಗೆ ನುಗ್ಗಿ ಗೋಡೆಯ ಮೇಲಿನ ಪಟದ ಮುಂದೆ ನಿಂತುಬಿಟ್ಟ. ಕೈಯಲ್ಲಿ ಭೂತಗನ್ನಡಿ. ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ.

"ಏನೋ ಇದು, ಬೆಳಬೆಳಗ್ಗೆ ಜಪ್ತಿಗೆ ಬಂದೋರ ಥರ?"

"ಬೆರಳು ಆಂಟಿ, ಬೆರಳು! ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು."

ಪಟದಲ್ಲಿದ್ದವನು ವಿನಿಯ ತಾತ, ಮೈಲ್ಸ್ ಹೆಗಾರ್ಟಿ. ಹಾಗೆಂದು ಹೇಳಿದವನು ಎಲ್ವುಡ್ಡೇ. ಟ್ರಾಯ್ ಊರಿಗೆ ತನ್ನದೇ ದೊಡ್ಡ ಬೇಸ್‌ಬಾಲ್ ತಂಡವಿದ್ದ ಕಾಲದಲ್ಲಿ ಮೈಲ್ಸ್ ಅದರ ಕ್ಯಾಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕೂತು, ಗುಂಡಿನಂತೆ ಬರುವ ಚೆಂಡನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ. ಅವನು ಮೈದಾನಕ್ಕೆ ಇಳಿದರೆ ಊರೇ ಎದ್ದು ನಿಲ್ಲುತ್ತಿತ್ತಂತೆ. ಈಗ ಅದೇ ಊರಲ್ಲಿ ಹೆಸರು ಹೇಳಿದರೆ "ಯಾರು, ಆ ಬೇಕರಿಯವರಾ?" ಎನ್ನುತ್ತಾರೆ. ಆಟದ ದಪ್ಪ ದಪ್ಪ ಪುಸ್ತಕಗಳಲ್ಲಿ ಅವನಿಗೆ ಸಿಕ್ಕಿರುವುದು ಅರ್ಧ ಸಾಲು. ಹಳೇ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದ ಎಲ್ವುಡ್‌ಗೆ ಮಾತ್ರ ಇದು ಸಹಿಸಲಾಗಲಿಲ್ಲ. ಹರಿದ ಟಿಕೆಟ್ಟು, ಬಣ್ಣ ಬಳಿದ ಚೆಂಡು, ಯಾರದೆಂದು ದೇವರಿಗೇ ಗೊತ್ತಿರುವ ಬ್ಯಾಟಿನ ತುಂಡು, ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಕೊನೆಗೆ ಪುಸ್ತಕವನ್ನೇ ಬರೆದ. ಹಿಂದೆ ಸಿಗರೇಟು ಪೊಟ್ಟಣದೊಳಗೆ ಆಟಗಾರರ ಚಿತ್ರದ ಚೀಟಿ ಬರುತ್ತಿತ್ತಲ್ಲ, ಅಂಥದ್ದೊಂದು ಅವನಿಗೆ ಸಿಕ್ಕಿತ್ತು. ಹೆಸರಿದ್ದ ಕಡೆ ಹರಿದಿತ್ತು. ಸ್ಟುಡಿಯೋದ ಸೂರಿನಿಂದ ದಾರದಲ್ಲಿ ಇಳಿಬಿಟ್ಟ ಚೆಂಡಿಗೆ ಎರಡೂ ಕೈ ಚಾಚಿ ನಿಂತ ಮೀಸೆಯ ಹುಡುಗ. ಎದೆಯ ಮೇಲೆ ಟ್ರಾಯ್ ಎಂಬ ಅಕ್ಷರ. ಮೈಲ್ಸನೇ ಎಂದು ಎಲ್ವುಡ್ ಆಣೆ ಮಾಡಿದ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ವಿನಿಗೂ ಒಂದು ಕೊಟ್ಟ.

"ಈ ಬೆರಳು ನೋಡಿ. ಪೆನ್ಸಿಲ್ ಥರ ನೆಟ್ಟಗಿವೆ! ಅಷ್ಟು ವರ್ಷ ಬರಿಗೈಯಲ್ಲಿ ಚೆಂಡು ಹಿಡಿದೋನ ಬೆರಳು ಹೀಗಿರತ್ತಾ? ಇದೇ ಚಿತ್ರ ಪುಸ್ತಕದ ಮುಖಪುಟಕ್ಕೆ ಹೋಗಿದೆ. ಪ್ರೆಸ್ಸಿನೋನು ಮಧ್ಯಾಹ್ನ ಮೆಷಿನ್ ಓಡಿಸ್ತಾನೆ." ಅವನು ವಿನಿಯ ಕಡೆ ತಿರುಗಿದ. "ತಾತನೇ ಅಂದ್ಬಿಡಿ ಆಂಟಿ, ದಮ್ಮಯ್ಯ. ಇದೂ ಹೋದ್ರೆ ಅವರಿಗೆ ಮುಖವೇ ಇರಲ್ಲ. ಮುಖ ಇಲ್ಲದೋರ ಪುಸ್ತಕ ಯಾರು ಮುಟ್ತಾರೆ?"

"ಮೊದ್ಲು ಕೂತ್ಕೋ. ಗುಂಡಿ ಸರಿ ಮಾಡ್ಕೋ." ವಿನಿ ಕಾಫಿ ತಂದಿಟ್ಟಳು. ಎಲ್ವುಡ್ ಕೂತ, ಎದ್ದ, ಮತ್ತೆ ಕೂತ. "ಅಲ್ಲ ಕಣೋ, ನಮ್ಮ ತಾತ ಅಲ್ಲ. ನೀನು ತಂದುಕೊಟ್ಟ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ಗೋಡೆಗೆ ಹಾಕ್ಕೊಂಡ್ರಾ!"

"ಮನೇಲಿ ಮಗು ಹುಟ್ಟಿದೋನ ಥರ ಕುಣೀತಿದ್ದೆ, ಹೆಂಗೋ ಹೇಳ್ಲಿ? ಪುಸ್ತಕದ ಮೇಲೂ ಇವನನ್ನೇ ಕೂರಿಸ್ತೀಯ ಅಂತ ನೀನೆಲ್ಲಿ ಬಾಯಿ ಬಿಟ್ಟೆ? ಅಲ್ಲದೆ..." ಎನ್ನುತ್ತ ಪಟ ಇಳಿಸಿದಳು. ಹಿಂದೆ ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿತ್ತು. "ಇದನ್ನ ಮುಚ್ಚೋಕೂ ಒಂದು ದಾರಿ ಆಯ್ತು. ದಿನಾ ಮಾತಾಡ್ಸಿ ಮಾತಾಡ್ಸಿ ಈಗ ನಂಟನೇ ಆಗ್ಬಿಟ್ಟಿದ್ದಾನೆ, ಪಾಪ. ಯಾರ ಮನೆ ಮಗನೋ."

"ನಗ್ತೀರಲ್ಲ ಆಂಟಿ!" ಎಲ್ವುಡ್ ಮತ್ತೆ ಎದ್ದ. ಅವನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಊರು ಮರೆತದ್ದು ಸಾಲದು ಅಂತ ಅವರ ಜಾಗದಲ್ಲಿ ಇನ್ಯಾರನ್ನೋ ತಂದು ಕೂರಿಸ್ದೆ ನಾನು. ನಿಜವಾದ ಫೋಟೋ ಒಂದಾದ್ರೂ ಇಲ್ವಾ?"

"ಎಲ್ಲಿಂದ ಬರಬೇಕು? ಕ್ಯಾಮರಾ ಕಂಡ್ರೆ ಕೈ ಜೇಬಿಗೆ ತುರುಕ್ಕೊಂಡು ಓಡ್ತಿದ್ದ. ನಾಚಿಕೆ ಅವನಿಗೆ. ಚರ್ಚಲ್ಲೂ ಕೈಗವಸು ತೆಗೀತಿರ್ಲಿಲ್ಲ."

"ಕೈಗವಸಾ? ಮೈಲ್ಸ್ ಹೆಗಾರ್ಟಿಗೆ?" ಎಲ್ವುಡ್‌ನ ಪುಸ್ತಕದಲ್ಲಿ ಒಂದಿಡೀ ಅಧ್ಯಾಯ ಇದರ ಮೇಲೇ ಇತ್ತು. ಗವಸು ತೊಟ್ಟು ಆಡಿದವನನ್ನು ಜನ ಹೆಣ್ಣಿಗ ಎಂದು ಹೀಯಾಳಿಸುತ್ತಿದ್ದ ಕಾಲವದು. ಮೈಲ್ಸ್ ಕೊನೆಯ ಪಂದ್ಯದವರೆಗೂ ಅದನ್ನು ಮುಟ್ಟಿರಲಿಲ್ಲ.

"ಆಟದಲ್ಲಿ ಹಾಕ್ಲಿಲ್ಲಪ್ಪ. ಚಳಿಗೆ ಬೇಡ್ವಾ? ಅಂಗಡೀದು ಒಂದೂ ಆ ಕೈಗೆ ಹಿಡೀತಿರ್ಲಿಲ್ಲ. ಅಜ್ಜಿ ಅಳತೆ ತಗೊಂಡು ಹೆಣೆದುಕೊಟ್ಟಿದ್ಲು." ವಿನಿ ಒಳಗೆ ಹೋಗಿ, ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಕಂದು ಉಣ್ಣೆಯ ಗವಸು ತಂದು ಮೇಜಿನ ಮೇಲಿಟ್ಟಳು.

ಮೊದಲ ನೋಟಕ್ಕೆ ಹೆಣಿಗೆ ಬಾರದವರ ಕೆಲಸದಂತಿತ್ತು. ತೋರುಬೆರಳು ನಡುವಿನಲ್ಲಿ ಮುರಿದು ಒಳಕ್ಕೆ ಬಾಗಿತ್ತು. ಉಂಗುರದ ಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಕಿರುಬೆರಳು ತನ್ನ ಪಾಡಿಗೆ ಹೊರಕ್ಕೆ ಹೊರಟಿತ್ತು. ಆದರೆ ಹೆಣಿಗೆಯ ಒಂದು ಕುಣಿಕೆಯೂ ತಪ್ಪಿರಲಿಲ್ಲ.

ಎಲ್ವುಡ್ ಭೂತಗನ್ನಡಿ ಕೆಳಗಿಟ್ಟ. "ಇಷ್ಟು ವರ್ಷ ನಿಮ್ಮನೆಗೆ ಎಡತಾಕಿದ್ದೀನಿ. ಇದನ್ನ ಯಾಕೆ ತೋರಿಸ್ಲಿಲ್ಲ?"

"ನೀನು ಚೆಂಡು ಕೇಳ್ದೆ, ಬ್ಯಾಟು ಕೇಳ್ದೆ, ಫೋಟೋ ಕೇಳ್ದೆ. ತಾತನ ಕೈ ಹೆಂಗಿತ್ತು ಅಂತ ಯಾವತ್ತು ಕೇಳ್ದೆ?"

ಅವನು ಫೋನಿಗೆ ಓಡಿ ಪ್ರೆಸ್ಸಿನವನ ಮೇಲೆ ಕೂಗಾಡಿದ. "ನಿಲ್ಸಿ, ನಿಲ್ಸಿ! ಮುಖಪುಟಕ್ಕೆ ಬೇರೆ ಚಿತ್ರ ತರ್ತೀನಿ... ಅಲ್ಲ ಸ್ವಾಮಿ, ಮುಖ ಅಲ್ಲ!" ವಾಪಸು ಮೇಜಿನ ಬಳಿ ಬಂದ. ಆಮೇಲೆ ಆಸೆ ತಡೆಯಲಾರದೆ ಗವಸನ್ನು ಎತ್ತಿಕೊಂಡು ತನ್ನ ಕೈ ತೂರಿಸಿದ. ಕೈ ಅರ್ಧಕ್ಕೇ ನಿಂತಿತು. ಹಳೇ ಉಣ್ಣೆ ಚಿರ್ರೆಂದಿತು.

"ತೆಗಿಯೋ, ಹರಿದೀತು," ಎಂದಳು ವಿನಿ. "ಅದರೊಳಗೆ ಹೋಗೋಕೆ ನಿನ್ನ ಬೆರಳು ತುಂಬಾ ನೆಟ್ಟಗಿವೆ."